ಮೂಳೆಮುರಿತದ ತಡೆಗೆ ಯಂತ್ರವಾಣಿಯ ಕರೆ: ಹಿರಿಯರ ಆರೈಕೆಯಲ್ಲಿ ಹೊಸ ಸಾಧನ

ವಯಸ್ಸಾದವರು ಬಚ್ಚಲಲ್ಲಿ ಅಥವಾ ಅಂಗಳದಲ್ಲಿ ಕಾಲು ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಳ್ಳುವುದು ನಮ್ಮ ಮನೆಗಳಲ್ಲಿ ಅಪರೂಪದ ಸಂಗತಿಯಲ್ಲ. ಆಸ್ಪತ್ರೆಗೆ ಕರೆದೊಯ್ಯುತ್ತೇವೆ, ಕ್ಷ-ಕಿರಣ ಚಿತ್ರ ತೆಗೆಸುತ್ತೇವೆ, ಪ್ಲಾಸ್ಟರ್ ಹಾಕಿಸುತ್ತೇವೆ. ಕೆಲವು ವಾರಗಳ ನಂತರ ಪ್ಲಾಸ್ಟರ್ ಬಿಚ್ಚಿಸಿಕೊಂಡು, "ಸದ್ಯ, ಇಷ್ಟಕ್ಕೇ ಹೋಯಿತು" ಎಂದು ಸಮಾಧಾನಪಡುತ್ತೇವೆ. ಕೈ ಕೂಡಿಕೊಂಡಿರುತ್ತದೆ. ಆದರೆ ನಿಂತ ನಿಲುವಿನಿಂದ ಬಿದ್ದ ಮಾತ್ರಕ್ಕೆ ಮೂಳೆ ಮುರಿದುದೇಕೆ ಎಂಬ ಪ್ರಶ್ನೆಯನ್ನು ಬಹುಪಾಲು ಮನೆಗಳಲ್ಲಿ ಯಾರೂ ಕೇಳಿರುವುದಿಲ್ಲ.

ಈ ಕೇಳದೆ ಉಳಿದ ಪ್ರಶ್ನೆಯೇ ಮುಂದಿನ ದೊಡ್ಡ ಅಪಾಯದ ಮೂಲ. ಒಮ್ಮೆ ಹೀಗೆ ಮೂಳೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಂಭವ ಇತರರಿಗಿಂತ ಸುಮಾರು ಇಮ್ಮಡಿ. ಮೊದಲು ಮುಂಗೈ, ಅನಂತರ ಬೆನ್ನಿನ ಮಣಿ, ಕೊನೆಗೆ ಸೊಂಟದ ಬಳಿಯ ತೊಡೆಮೂಳೆ, ಹೀಗೆ ಸಾಗುತ್ತದೆ ಅನೇಕರ ಪಾಡು. ತೊಡೆಮೂಳೆಯ ಮೇಲ್ಭಾಗ ಮುರಿದ ಹಿರಿಯರಲ್ಲಿ ಹಲವರು ಮೊದಲಿನಂತೆ ಸ್ವತಂತ್ರವಾಗಿ ನಡೆದಾಡಲಾರರು. ವರ್ಷದೊಳಗೆ ಪ್ರಾಣ ಕಳೆದುಕೊಳ್ಳುವವರೂ ಕಡಿಮೆಯಲ್ಲ. ಆದ್ದರಿಂದ ಮೊದಲ ಮುರಿತವೆಂಬುದು ದೇಹ ನೀಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನು ಆಲಿಸಿ, ಎರಡನೆಯ ಮುರಿತವನ್ನು ತಡೆಯುವ ಕಾರ್ಯದಲ್ಲಿ ಕೃತಕ ಬುದ್ಧಿಮತ್ತೆಯ ದೂರವಾಣಿ ಕರೆ ಹೇಗೆ ನೆರವಾಗಬಲ್ಲದು, ಅದರ ಮಿತಿಯೇನು, ಅಂತಹ ಕರೆ ನಮ್ಮ ಮನೆಗೆ ಬಂದರೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸದ್ಭಕ್ತರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಮೂಳೆ ಟೊಳ್ಳಾಗುವುದೆಂದರೇನು?

'ಮೂಳೆ ಸವೆದಿದೆ' ಎಂಬ ಮಾತನ್ನು ನಾವು ಮಂಡಿನೋವಿಗೂ ಬಳಸುತ್ತೇವೆ. ಅದು ಕೀಲಿನ ಸವೆತ, ಅದರಲ್ಲಿ ನೋವಿರುತ್ತದೆ. ಇಲ್ಲಿ ಹೇಳುತ್ತಿರುವ ಆಸ್ಟಿಯೋಪೊರೋಸಿಸ್ ಎಂಬ ಸ್ಥಿತಿ ಬೇರೆ. ಇದರಲ್ಲಿ ಮೂಳೆಯ ಒಳಹಂದರ ತೆಳುವಾಗುತ್ತಾ ಹೋಗುತ್ತದೆ. ಗೆದ್ದಲು ತಿಂದ ತೊಲೆಯಂತೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಬಲವಿರುವುದಿಲ್ಲ. ಮುರಿಯುವವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲವಾದ್ದರಿಂದ ರೋಗಿಗೆ ತಾನು ರೋಗಿ ಎಂಬ ಅರಿವೂ ಇರುವುದಿಲ್ಲ.

ಮುಟ್ಟು ನಿಂತ ನಂತರ ಸ್ತ್ರೀಯರಲ್ಲಿ ಈ ಸ್ಥಿತಿ ಬೇಗ ಮುಂದುವರಿಯುತ್ತದೆ. ಪುರುಷರೂ ಇದಕ್ಕೆ ಹೊರತಲ್ಲ. ಜಗತ್ತಿನಲ್ಲಿ 50 ವರ್ಷ ದಾಟಿದ ಸ್ತ್ರೀಯರಲ್ಲಿ ಮೂವರಲ್ಲೊಬ್ಬರಿಗೂ ಪುರುಷರಲ್ಲಿ ಐವರಲ್ಲೊಬ್ಬರಿಗೂ ಉಳಿದ ಆಯುಷ್ಯದಲ್ಲಿ ಇಂತಹ ಮುರಿತ ಸಂಭವಿಸುತ್ತದೆ ಎಂದು ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನ ಹೇಳುತ್ತದೆ. ಡೆಕ್ಸಾ ಎಂಬ ಸ್ಕ್ಯಾನ್‌ನಿಂದ ಮೂಳೆಯ ಸಾಂದ್ರತೆಯನ್ನು ಅಳೆಯುತ್ತಾರೆ. ಅದರ ಟಿ-ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಗದಿಪಡಿಸಿತು. ಸ್ಕ್ಯಾನ್ ಇಲ್ಲದೆಯೂ ಅಪಾಯವನ್ನು ಅಂದಾಜು ಮಾಡುವ 'ಫ್ರ್ಯಾಕ್ಸ್' ಎಂಬ ಲೆಕ್ಕಾಚಾರವನ್ನು ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದಿತು. ವಯಸ್ಸು, ತೂಕ, ಎತ್ತರ, ಹಿಂದಿನ ಮುರಿತ, ತಂದೆತಾಯಿಗಳಿಗೆ ಸೊಂಟದ ಮುರಿತವಾಗಿತ್ತೇ, ಧೂಮಪಾನ, ಮದ್ಯಪಾನ, ಸ್ಟಿರಾಯ್ಡ್ ಔಷಧಿಯ ಬಳಕೆ ಮೊದಲಾದ ಸರಳ ವಿವರಗಳಿಂದ ಮುಂದಿನ 10 ವರ್ಷಗಳಲ್ಲಿ ಮೂಳೆ ಮುರಿಯುವ ಸಂಭವವನ್ನು ಅದು ತಿಳಿಸುತ್ತದೆ. ಭಾರತೀಯರಿಗೆಂದೇ ಹೊಂದಿಸಿದ ಅದರ ರೂಪವೂ ಇದೆ. ಈ ವಿವರಗಳಲ್ಲಿ ಬಹುಪಾಲು ಕೇವಲ ಪ್ರಶ್ನೋತ್ತರದಿಂದ ದೊರೆಯತಕ್ಕವು ಎಂಬುದನ್ನು ಗಮನಿಸಬೇಕು. ದೂರವಾಣಿಯ ಪಾತ್ರ ಇಲ್ಲಿಂದಲೇ ಆರಂಭವಾಗುತ್ತದೆ.

ಗ್ಲಾಸ್ಗೋ ನಗರ ತೋರಿದ ದಾರಿ

ಮುರಿದ ಮೂಳೆಯನ್ನು ಕೂಡಿಸುವವರು ಮೂಳೆ ಶಸ್ತ್ರವೈದ್ಯರು. ಮೂಳೆಯ ಬಲ ನೋಡಬೇಕಾದವರು ಬೇರೆ ವಿಭಾಗದ ವೈದ್ಯರು. ಇಬ್ಬರ ನಡುವೆ ರೋಗಿ ಕಳೆದುಹೋಗುತ್ತಾರೆ. ಈ ಕಂದಕವನ್ನು ತುಂಬಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1999ರಲ್ಲಿ ಒಂದು ವ್ಯವಸ್ಥೆ ಆರಂಭವಾಯಿತು. 50 ವರ್ಷ ದಾಟಿದ ಯಾರೇ ಮೂಳೆ ಮುರಿದುಕೊಂಡು ಬಂದರೂ ವಿಶೇಷ ತರಬೇತಿ ಪಡೆದ ದಾದಿಯೊಬ್ಬರು ಅವರನ್ನು ಗುರುತಿಸಿ, ಪರೀಕ್ಷೆ ಮಾಡಿಸಿ, ಚಿಕಿತ್ಸೆಗೆ ಹಚ್ಚಿ, ಹಿಂಬಾಲಿಸುವ ಕ್ರಮವಿದು. ಇದಕ್ಕೆ 'ಫ್ರ್ಯಾಕ್ಚರ್ ಲಿಯೇಸಾನ್ ಸರ್ವಿಸ್' ಎಂದು ಹೆಸರು. ಮುರಿತ ಮತ್ತು ಆರೈಕೆಗಳ ನಡುವಿನ ಸಂಪರ್ಕಸೇವೆ ಎನ್ನಬಹುದು. 2012ರಿಂದ ಅಂತರರಾಷ್ಟ್ರೀಯ ಪ್ರತಿಷ್ಠಾನವು ಈ ಮಾದರಿಯನ್ನು ಜಗತ್ತಿನಾದ್ಯಂತ ಪ್ರಚಾರ ಮಾಡುತ್ತಿದೆ.

ಈ ಸೇವೆಯ ಕಷ್ಟದ ಭಾಗ ರೋಗಿಯನ್ನು ಗುರುತಿಸುವುದಕ್ಕಿಂತಲೂ ಹಿಂಬಾಲಿಸುವುದು. 16 ವಾರಗಳೊಳಗೆ ಒಮ್ಮೆ, ವರ್ಷ ತುಂಬಿದಾಗ ಮತ್ತೊಮ್ಮೆ ರೋಗಿಯನ್ನು ವಿಚಾರಿಸಬೇಕೆಂಬುದು ಬ್ರಿಟನ್ನಿನಲ್ಲಿ ಪಾಲಿಸುವ ಮಾನದಂಡ. ಸಾವಿರಾರು ರೋಗಿಗಳಿಗೆ ಒಬ್ಬಿಬ್ಬರು ದಾದಿಯರು ಕರೆ ಮಾಡುತ್ತಾ ಕುಳಿತರೆ ಹೊಸ ರೋಗಿಗಳನ್ನು ನೋಡಲು ಸಮಯವೆಲ್ಲಿ? ಕರೆ ಸ್ವೀಕರಿಸದವರಿಗೆ ಎರಡನೆಯ, ಮೂರನೆಯ ಕರೆ ಮಾಡುವವರಾರು?

ಮಾತ್ರೆ ನಿಲ್ಲುವುದು ಎಲ್ಲಿ?

ವಿಚಾರಿಸುವ ಅಗತ್ಯವೇನೆಂಬುದು ಔಷಧಿಯ ಸ್ವರೂಪ ತಿಳಿದರೆ ಅರ್ಥವಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಅಲೆಂಡ್ರೊನೇಟ್ ಎಂಬ 70 ಮಿ.ಗ್ರಾಂ. ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸಬೇಕು. ಬರಿಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರಿಯ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ, ನೆಟ್ಟಗೆ ಕುಳಿತಿರಬೇಕು ಅಥವಾ ನಡೆದಾಡಬೇಕು. ಹಾಲು ಬೆರೆತ ಕಾಫಿಯೊಂದಿಗೆ ನುಂಗಿದರೆ ಔಷಧಿ ದೇಹಕ್ಕೆ ಹತ್ತುವುದೇ ಇಲ್ಲವೆನ್ನಬಹುದು. ನುಂಗಿ ಮಲಗಿದರೆ ಅನ್ನನಾಳ ಉರಿಯುತ್ತದೆ. ನೋವಿಲ್ಲದ ರೋಗಕ್ಕೆ ಇಷ್ಟು ಕಟ್ಟುನಿಟ್ಟಿನ ಮಾತ್ರೆ! ತೆಗೆದುಕೊಂಡರೆ ತಕ್ಷಣಕ್ಕೆ ಯಾವ ಹಿತವೂ ತೋರದು, ಬಿಟ್ಟರೆ ಯಾವ ಕಷ್ಟವೂ ತೋರದು. ಆದ್ದರಿಂದ ಈ ಬಗೆಯ ಮಾತ್ರೆ ಆರಂಭಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ವರ್ಷದೊಳಗೆ ನಿಲ್ಲಿಸಿಬಿಡುತ್ತಾರೆಂದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ.

ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ನೀಡುವ ಜೊಲೆಡ್ರೊನಿಕ್ ಆಮ್ಲವೂ ಇದೆ. ಆರು ತಿಂಗಳಿಗೊಮ್ಮೆ ಚರ್ಮದಡಿ ನೀಡುವ ಡೆನೊಸುಮ್ಯಾಬ್ ಚುಚ್ಚುಮದ್ದೂ ಇದೆ. ಈ ಕೊನೆಯದರಲ್ಲಿ ದಿನಾಂಕ ತಪ್ಪುವುದು ಅಪಾಯಕಾರಿ. ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಿದರೆ ಅಥವಾ ತಿಂಗಳುಗಟ್ಟಲೆ ತಡಮಾಡಿದರೆ ಗಳಿಸಿದ ಮೂಳೆಬಲ ವೇಗವಾಗಿ ಇಳಿದು, ಬೆನ್ನಿನ ಹಲವು ಮಣಿಗಳು ಒಟ್ಟೊಟ್ಟಿಗೆ ಕುಸಿಯುವ ಸಂಭವವಿದೆ. ಸರಿಯಾದ ವಾರದಲ್ಲಿ ಬಂದ ಒಂದು ಕರೆ ಇಲ್ಲಿ ಒಬ್ಬರ ಬೆನ್ನನ್ನೇ ಉಳಿಸಬಲ್ಲದು.

ಯಂತ್ರ ಕರೆ ಮಾಡುವ ಬಗೆ

ಸ್ವಯಂಚಾಲಿತ ಕರೆಯಲ್ಲಿ ಎರಡು ಬಗೆ. ಮೊದಲನೆಯದು ಮುದ್ರಿತ ಧ್ವನಿ. ಭಾರತ ಸರ್ಕಾರದ 'ಕಿಲ್ಕಾರಿ' ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ವಾರವಾರವೂ ಹೋಗುವ ಕರೆಗಳು ಈ ಬಗೆಯವು. ಅವು ಹೇಳುತ್ತವೆ, ಕೇಳುವುದಿಲ್ಲ. ಎರಡನೆಯದು ಸಂಭಾಷಣೆಯ ಕರೆ. ರೋಗಿಯ ಮಾತನ್ನು ಯಂತ್ರವು ಮೊದಲು ಅಕ್ಷರಕ್ಕಿಳಿಸುತ್ತದೆ, ಅದರ ಅರ್ಥವನ್ನು ಗ್ರಹಿಸುತ್ತದೆ, ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ, ಅದನ್ನು ಮತ್ತೆ ಧ್ವನಿಯಾಗಿಸಿ ನುಡಿಯುತ್ತದೆ. ಕರೆ ಮುಗಿದ ಮೇಲೆ ಸಾರಾಂಶವನ್ನು ದಾದಿಯ ಮುಂದಿಡುತ್ತದೆ.

ಇಂತಹ ಕರೆಯ ಉತ್ತಮ ಉದಾಹರಣೆ ಬ್ರಿಟನ್ನಿನ ನೇತ್ರಚಿಕಿತ್ಸೆಯಲ್ಲಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದವರನ್ನು ವಿಚಾರಿಸಲು ಯುಫೋನಿಯಾ ಎಂಬ ಸಂಸ್ಥೆ ರೂಪಿಸಿದ 'ಡೋರಾ' ಎಂಬ ಯಂತ್ರವಾಣಿಯನ್ನು ಆಕ್ಸ್‌ಫರ್ಡ್ ಮತ್ತು ಲಂಡನ್ನಿನ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಯಿತು. ನೇತ್ರತಜ್ಞರು ಕರೆಗಳನ್ನು ಆಲಿಸಿ, ತಮ್ಮ ತೀರ್ಮಾನವನ್ನು ಯಂತ್ರದ ತೀರ್ಮಾನದೊಂದಿಗೆ ಹೋಲಿಸಿ ನೋಡಿದರು. 2024ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಹುಪಾಲು ತೀರ್ಮಾನಗಳು ತಾಳೆಯಾದವು. ಪ್ರಶ್ನೆಗಳು ಕೆಲವೇ, ಉತ್ತರಗಳ ವ್ಯಾಪ್ತಿ ಕಿರಿದು, ಅಪಾಯದ ಚಿಹ್ನೆಗಳು ಮೊದಲೇ ಗೊತ್ತಿರುವಂಥವು: ಇಂತಹ ಕೆಲಸದಲ್ಲಿ ಯಂತ್ರ ಉಪಯುಕ್ತವಾಗುತ್ತದೆ.

ಮೂಳೆಯ ಆರೈಕೆಯ ವಿಚಾರಣೆಯೂ ಇದೇ ಸ್ವರೂಪದ್ದು. ಮಾತ್ರೆ ನುಂಗಿದಿರಾ? ನುಂಗಿದ ಮೇಲೆ ಎದೆಯುರಿ ಅಥವಾ ನುಂಗಲು ಕಷ್ಟವಾಯಿತೇ? ಕಳೆದ ತಿಂಗಳಲ್ಲಿ ಬಿದ್ದಿರಾ? ಬೆನ್ನಿನಲ್ಲಿ ಹಠಾತ್ ನೋವು ಬಂದಿದೆಯೇ? ತೊಡೆ ಅಥವಾ ತೊಡೆಸಂದಿಯಲ್ಲಿ ಹೊಸ ನೋವಿದೆಯೇ? ಹಲ್ಲು ಕೀಳಿಸುವುದಿದೆಯೇ? ಕೊನೆಯ ಎರಡು ಪ್ರಶ್ನೆಗಳು ವಿಚಿತ್ರವೆನಿಸಬಹುದು. ಈ ಔಷಧಿಗಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಅಪರೂಪವಾಗಿ ತೊಡೆಮೂಳೆ ಬಿರುಕು ಬಿಡುವುದು, ದವಡೆಯ ಗಾಯ ಮಾಯದಿರುವುದು ಉಂಟು. ಅದಕ್ಕಾಗಿ ಆ ಪ್ರಶ್ನೆಗಳು. ಇಂತಹ ದೋಷಗಳು ವಿರಳ, ಔಷಧಿಯಿಂದ ತಪ್ಪುವ ಮುರಿತಗಳು ಅದಕ್ಕಿಂತ ಬಹಳ ಹೆಚ್ಚು. ಭಯದಿಂದ ಔಷಧಿ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದೇ ಸರಿಯಾದ ಮಾರ್ಗ.

"ಆರಾಮ ಇದ್ದೀನಿ" ಎಂಬ ಉತ್ತರ

ಇಂತಹ ಕರೆ ಕನ್ನಡದಲ್ಲಿ ಬರಬೇಕಾದರೆ ಬರಿಯ ಭಾಷಾಂತರ ಸಾಲದು. ನಮ್ಮ ಹಿರಿಯರನ್ನು "ಹೇಗಿದ್ದೀರಿ?" ಎಂದು ಕೇಳಿದರೆ ಜ್ವರದಲ್ಲಿ ಮಲಗಿದ್ದರೂ "ಆರಾಮ ಇದ್ದೀನಿ" ಎನ್ನುತ್ತಾರೆ. ಅದು ಸುಳ್ಳಲ್ಲ, ಸೌಜನ್ಯ. ಎದುರಿಗಿರುವವರಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ಮನೆಯ ಮಗಳಾದರೆ ಆ ಧ್ವನಿಯ ಹಿಂದಿನ ನಿಟ್ಟುಸಿರನ್ನು ಗುರುತಿಸುತ್ತಾಳೆ. ಯಂತ್ರವು 'ರೋಗಿ ಕ್ಷೇಮ' ಎಂದು ಬರೆದುಕೊಳ್ಳುತ್ತದೆ. ಆದ್ದರಿಂದ ಕನ್ನಡದ ಕರೆ ಕ್ಷೇಮಸಮಾಚಾರದಲ್ಲಿ ನಿಲ್ಲಬಾರದು. "ಕಳೆದ ಸೋಮವಾರ ಮಾತ್ರೆ ತೆಗೆದುಕೊಂಡಿರಾ? ಅದರ ಜೊತೆ ಏನು ಕುಡಿದಿರಿ?" ಎಂದು ನಿರ್ದಿಷ್ಟವಾಗಿ ಕೇಳಬೇಕು.

ನುಡಿಯ ಭೇದವೂ ಇದೆ. ಮೈಸೂರು ಕಡೆಯ 'ಮೂಳೆ' ಧಾರವಾಡದ ಕಡೆ 'ಎಲುಬು', ಅಲ್ಲಿಯ 'ಮಾತ್ರೆ' ಇಲ್ಲಿ 'ಗುಳಿಗಿ', 'ಸೊಂಟ'ವೆಂದರೆ 'ನಡ'. "ನಡ ಹಿಡದದ" ಎಂಬ ಮಾತು ಬೆನ್ನಿನ ಮಣಿ ಕುಸಿದಿರುವುದರ ಸೂಚನೆಯಿರಬಹುದು. ಯಂತ್ರಕ್ಕೆ 'ನಡ' ತಿಳಿಯದಿದ್ದರೆ ಆ ಸೂಚನೆ ಕಳೆದುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 'ವಾಣಿ' ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಸಹಜ ಮಾತನ್ನು ಸಂಗ್ರಹಿಸುತ್ತಿರುವುದು ಈ ಕಾರಣಕ್ಕಾಗಿ ಸ್ವಾಗತಾರ್ಹ.

ಆಚಾರದ ವಿಷಯವನ್ನೂ ಗಮನಿಸಬೇಕು. ಇಷ್ಟಲಿಂಗ ಪೂಜೆಯಾಗುವ ತನಕ ನೀರನ್ನೂ ಮುಟ್ಟದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. "ಎದ್ದ ಕೂಡಲೇ ಮಾತ್ರೆ ತೆಗೆದುಕೊಂಡಿರಾ?" ಎಂದು ಯಂತ್ರ ಕೇಳಿದರೆ ಅವರು "ಇಲ್ಲ" ಎನ್ನುತ್ತಾರೆ. ವಾಸ್ತವವಾಗಿ ಅವರು ಪೂಜೆ ಮುಗಿಸಿ, ಬರಿಹೊಟ್ಟೆಯಲ್ಲೇ, ಒಂದು ಲೋಟ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧ ಗಂಟೆಯ ನಂತರ ಪ್ರಸಾದ ಸ್ವೀಕರಿಸಿದ್ದರೆ ಔಷಧಿಯ ನಿಯಮ ಪೂರ್ಣವಾಗಿ ಪಾಲನೆಯಾದಂತೆಯೇ. ಪೂಜೆಗೂ ಮಾತ್ರೆಗೂ ಇಲ್ಲಿ ವಿರೋಧವಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳುವುದಷ್ಟೇ ಬೇಕಾದುದು. ಹಾಗೆಯೇ, ಬೆನ್ನಿನ ಮಣಿ ಈಗಾಗಲೇ ಕುಸಿದವರು ಮುಂದಕ್ಕೆ ಬಾಗಿ ನೆಲಕ್ಕೆ ನಮಸ್ಕರಿಸುವುದು ಒಳಿತಲ್ಲ. ನಿಂತೇ ಕೈಮುಗಿದರೆ ಭಕ್ತಿಗೆ ಕೊರತೆಯಾಗದು.

ಹೊಣೆ ಯಾರದು?

ಯಂತ್ರ ಕೇಳಬಲ್ಲದು, ಹೊಣೆ ಹೊರಲಾರದು. ಇದೇ ಈ ವಿಷಯದ ತಿರುಳು. ಅದು ಬೇಸರಿಸದೆ ಸಾವಿರ ಮಂದಿಗೆ ಕರೆ ಮಾಡುತ್ತದೆ, ದಿನಾಂಕ ಮರೆಯುವುದಿಲ್ಲ. ಆದರೆ "ನಿನ್ನೆ ಬಚ್ಚಲಲ್ಲಿ ಬಿದ್ದೆ" ಎಂದು ತಾಯಿಯೊಬ್ಬಳು ಹೇಳಿದಾಗ ಆ ಮಾತನ್ನು ಅದೇ ದಿನ ಓದಿ, ಕರೆಮಾಡಿ, ಕ್ರಮ ಕೈಗೊಳ್ಳುವ ಮನುಷ್ಯರು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಆ ಕರೆಯಿಂದ ಹಾನಿಯೇ ಹೆಚ್ಚು. ಹೇಳಿಕೊಂಡವರು 'ತಿಳಿಸಿದ್ದೇನೆ, ಅವರು ನೋಡಿಕೊಳ್ಳುತ್ತಾರೆ' ಎಂದು ನಂಬಿ ಸುಮ್ಮನಿರುತ್ತಾರೆ. ಕೇಳಿಯೂ ಕಿವಿಗೊಡದಿರುವುದು ಕೇಳದಿರುವುದಕ್ಕಿಂತ ದೊಡ್ಡ ಲೋಪ.

ಇದಕ್ಕೆ ಒಂದು ಉತ್ತಮ ಮಾದರಿ ನಮ್ಮ ದೇಶದಲ್ಲೇ ಇದೆ. ಮುಂಬಯಿಯ ಅರ್ಮಾನ್ ಎಂಬ ಸೇವಾಸಂಸ್ಥೆ ತಾಯಂದಿರಿಗೆ ಕಳುಹಿಸುವ ಧ್ವನಿಕರೆಗಳಲ್ಲಿ, ಯಾರು ಕರೆ ಆಲಿಸುವುದನ್ನು ಬಿಟ್ಟುಬಿಡುವ ಸಂಭವವಿದೆ ಎಂಬುದನ್ನು ಕೃತಕ ಬುದ್ಧಿಮತ್ತೆಯಿಂದ ಅಂದಾಜು ಮಾಡಿ, ಅಂತಹವರನ್ನು ಆರೋಗ್ಯ ಕಾರ್ಯಕರ್ತೆಯರೇ ಸಂಪರ್ಕಿಸುವ ವ್ಯವಸ್ಥೆ ರೂಪುಗೊಂಡಿತು. ಗೂಗಲ್‌ನ ಸಂಶೋಧಕರು ಇದರಲ್ಲಿ ಕೈಜೋಡಿಸಿದರು. ಮನುಷ್ಯರ ಸೀಮಿತ ಸಮಯವನ್ನು ಎಲ್ಲಿ ವಿನಿಯೋಗಿಸಬೇಕೆಂದು ಯಂತ್ರ ತೋರಿಸಿತು. ಸಾಂತ್ವನದ ಮಾತು ಮನುಷ್ಯರದೇ ಆಗಿ ಉಳಿಯಿತು. ಮೂಳೆಯ ಆರೈಕೆಯಲ್ಲಿಯೂ ಕಿವಿ ಮಂದವಾದವರು, ಮರೆವಿನ ಕಾಯಿಲೆಯವರು, ಮನೆಗೆಲ್ಲ ಒಂದೇ ಫೋನ್ ಇರುವವರು ಯಂತ್ರದ ಕರೆಗೆ ಸಿಗುವುದಿಲ್ಲ. ಹೆಚ್ಚು ಬೀಳುವವರೂ ಅವರಲ್ಲೇ ಅನೇಕರು. ಉತ್ತರಿಸದ ಸಂಖ್ಯೆಗಳ ಪಟ್ಟಿಯೇ ದಾದಿಯ ಮೊದಲ ಕೆಲಸವಾಗಬೇಕು.

ಯಂತ್ರ ತಪ್ಪಾಗಿ ಕೇಳಿಸಿಕೊಳ್ಳುವುದುಂಟು. ಇಲ್ಲದ ಸಂಗತಿಯನ್ನು ಇದೆಯೆಂಬಂತೆ ನುಡಿಯುವುದೂ ಉಂಟು. ಹಾಗಾಗಿ ಔಷಧಿಯ ಪ್ರಮಾಣ ಬದಲಿಸುವ, ನಿಲ್ಲಿಸುವ ಸಲಹೆಯನ್ನು ಯಂತ್ರವಾಣಿಯಿಂದ ಸ್ವೀಕರಿಸಬಾರದು. ತಾನು ಯಂತ್ರವೆಂದು ಅದು ಮೊದಲೇ ಹೇಳಿಕೊಳ್ಳಬೇಕು. ಅಮೆರಿಕದಲ್ಲಿ 2024ರ ಫೆಬ್ರವರಿಯಿಂದ, ಕೃತಕ ಬುದ್ಧಿಮತ್ತೆಯ ಧ್ವನಿಯ ಕರೆಗಳೂ ಪೂರ್ವಾನುಮತಿಯ ನಿಯಮಕ್ಕೆ ಒಳಪಟ್ಟಿವೆ. ನಮ್ಮಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮ್ಮತಿಗೆ ಮಹತ್ವ ನೀಡಿದೆ.

ಭಕ್ತರ ಮನೆಗಳಲ್ಲಿ ಮಾಡಬೇಕಾದುದು

ಮೊದಲನೆಯದಾಗಿ, 50 ದಾಟಿದವರು ಸಾಮಾನ್ಯ ಬೀಳುವಿಕೆಯಿಂದ ಮೂಳೆ ಮುರಿದುಕೊಂಡಿದ್ದರೆ, ಎಷ್ಟೇ ವರ್ಷವಾಗಿದ್ದರೂ, "ಮೂಳೆಯ ಬಲ ಪರೀಕ್ಷಿಸಬೇಕೇ?" ಎಂದು ವೈದ್ಯರನ್ನು ಕೇಳಿರಿ. ಯೌವನದ ಎತ್ತರಕ್ಕಿಂತ ಸುಮಾರು 4 ಸೆಂ.ಮೀ. ಕುಗ್ಗಿದ್ದರೂ, ಬೆನ್ನು ಗೂನಾಗುತ್ತಿದ್ದರೂ ಕೇಳಿರಿ.

ಎರಡನೆಯದಾಗಿ, ಆಸ್ಪತ್ರೆಯಿಂದ ಸ್ವಯಂಚಾಲಿತ ಕರೆ ಬರುವುದಿದ್ದರೆ ಯಾವ ಸಂಖ್ಯೆಯಿಂದ, ಯಾವ ದಿನ ಬರುತ್ತದೆ, ನಮ್ಮ ಉತ್ತರವನ್ನು ಯಾರು ಓದುತ್ತಾರೆ ಎಂಬ ಮೂರು ಸಂಗತಿಗಳನ್ನು ಮೊದಲೇ ಬರೆಯಿಸಿಕೊಳ್ಳಿರಿ. ಮೂರನೆಯದಕ್ಕೆ ಸ್ಪಷ್ಟ ಉತ್ತರ ದೊರೆಯದಿದ್ದರೆ ಆ ಕರೆಯ ಮೇಲೆ ಭಾರ ಹಾಕಬೇಡಿರಿ.

ಮೂರನೆಯದಾಗಿ, ಆರೋಗ್ಯದ ಕರೆ ಎಂದೂ ಓಟಿಪಿ, ಬ್ಯಾಂಕ್ ಖಾತೆ, ಹಣ ಕೇಳುವುದಿಲ್ಲ. ಕೇಳಿದರೆ ಅದು ವಂಚನೆ. ತಕ್ಷಣ ಕರೆ ಕಡಿದುಹಾಕಿರಿ, ಹಣ ಹೋಗಿದ್ದರೆ 1930ಕ್ಕೆ ದೂರು ನೀಡಿರಿ. ಅನುಮಾನ ಬಂದಾಗ ಆಸ್ಪತ್ರೆಯ ಗೊತ್ತಿರುವ ಸಂಖ್ಯೆಗೆ ನಾವೇ ಮರಳಿ ಕರೆ ಮಾಡುವುದು ಕ್ಷೇಮ.

ನಾಲ್ಕನೆಯದಾಗಿ, ಮನೆಯನ್ನೇ ಸುರಕ್ಷಿತಗೊಳಿಸಿರಿ. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ಓಡಾಡುವ ದಾರಿಯಲ್ಲಿ ಬೆಳಕು, ಜಾರುವ ಚಾಪೆಗಳನ್ನು ತೆಗೆಯುವುದು, ಕಣ್ಣಿನ ಪರೀಕ್ಷೆ, ದಿನನಿತ್ಯದ ನಡಿಗೆ ಬೇಕು. ಆಹಾರದಲ್ಲಿ ಸುಣ್ಣದಂಶ ಇರಲಿ. ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತ ಸ್ತ್ರೀಯರಿಗೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ನಮ್ಮ ರಾಗಿಯ 100 ಗ್ರಾಂನಲ್ಲಿ 300 ಮಿ.ಗ್ರಾಂ.ಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು, ಸೊಪ್ಪುಗಳೂ ನೆರವಾಗುತ್ತವೆ. ಎಳೆಯ ಬಿಸಿಲು ಮೈಗೆ ಬೀಳಲಿ. ಆದರೆ ಮುರಿತವಾದವರಿಗೆ ಆಹಾರವೊಂದೇ ಸಾಲದು, ಔಷಧಿ ಬೇಕಾಗಬಹುದು.

ಕೊನೆಯದಾಗಿ ಒಂದು ವಿನಂತಿ. ಕನ್ನಡದಲ್ಲಿ ಇಂತಹ ಯಂತ್ರವಾಣಿ ಪ್ರತಿ ತಾಲೂಕಿಗೆ ತಲುಪುವ ದಿನಕ್ಕಾಗಿ ಕಾಯಬೇಕಾಗಿಲ್ಲ. ಅದು ಕೇಳುವ ಆರೇಳು ಪ್ರಶ್ನೆಗಳನ್ನು ಮೇಲೆ ಬರೆದಿದೆ. ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಉದ್ಯೋಗದಲ್ಲಿರುವ ಮಕ್ಕಳು ವಾರಕ್ಕೊಮ್ಮೆ ಊರಿಗೆ ಕರೆ ಮಾಡಿದಾಗ "ಊಟ ಆಯ್ತಾ?" ಎಂಬುದರ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಲಿ. ನೆರೆಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ಅವರನ್ನೂ ಕೇಳಲಿ. ಉತ್ತರ ಬರುವವರೆಗೆ ಕಾದು ನಿಂತು ಕೇಳಿಸಿಕೊಳ್ಳಲಿ.